ಕೇಳಿ, ಹೇಳ್ತೇನೆ: ಆಸಿಡ್ ಪೆಟ್ಟಿಗೆ ಮತ್ತು ಅದರ ಹೊಸ ನಾಬ್‌ಗಳು

ಕಳೆದ ಸಂಚಿಕೆಯಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 ಬೇಸ್ ಸಿಂಥ್ (ತಗ್ಗಿನ ಸ್ವರ ನುಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಂಗಳೂರು, ಉಡುಪಿ ಕಡೆಯಿಂದಲೇ ಇಷ್ಟು ಪತ್ರ ಬರುತ್ತದೆ ಅಂತ ನಿಜಕ್ಕೂ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿರುವುದು ಅದನ್ನು ಮಾಡಿಫೈ ಮಾಡಿದ ಪೆಟ್ಟಿಗೆಗಳ ಬಗ್ಗೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ.

ಪ್ರಶ್ನೆ: ಅಣ್ಣಾ, ದುಬೈಯಲ್ಲಿರುವ ಭಾವ ಬರುವಾಗ ನನಗೆ ಬೆಹ್ರಿಂಗರ್ ಕಂಪನಿಯ ಟಿಡಿ-3-ಎಂಒ (303ರ ಮಾಡಿಫೈ ಮಾಡಿದ ಪ್ರತಿರೂಪ) ತಂದುಕೊಟ್ಟರು. ಮೇಲೆ ನಾಬ್‌ಗಳೇ ನಾಬ್‌ಗಳು. ಎರಡು ವಾರದಿಂದ ತಿರುಗಿಸ್ತಾ ಇದ್ದೇನೆ, ಆ ಆಸಿಡ್ ಸೌಂಡ್ ಮಾತ್ರ ಬರ್ತಾನೇ ಇಲ್ಲ. ಒಂದೋ ಕಿರುಚುತ್ತದೆ, ಇಲ್ಲಾಂದ್ರೆ ಸುಮ್ನೆ ಗುಂಯ್ ಅನ್ನುತ್ತದೆ. ಪೆಟ್ಟಿಗೆಯಲ್ಲೇ ದೋಷ ಉಂಟಾ?
— ಕಾಲೇಜು ವಿದ್ಯಾರ್ಥಿ, ಸುರತ್ಕಲ್

ಉತ್ತರ: ಪೆಟ್ಟಿಗೆ ಸರಿಯಾಗಿಯೇ ಉಂಟು ಅಂತ ಕಾಣುತ್ತದೆ, ತಮ್ಮಾ. ನೀವು ಎಲ್ಲ ನಾಬ್‌ಗಳನ್ನೂ ಒಟ್ಟಿಗೆ ಹಿಡಿದುಕೊಂಡಿದ್ದೀರಿ, ತೊಂದರೆ ಅಷ್ಟೇ.

ಮೊದಲು ಈ ನಾಬ್‌ಗಳು ಎಲ್ಲಿಂದ ಬಂದವು ಅಂತ ಹೇಳ್ತೇನೆ. ಟಿಬಿ-303 ಬಂದದ್ದು 1981ರಲ್ಲಿ, ವಿನ್ಯಾಸ ಮಾಡಿದವರು ರೋಲ್ಯಾಂಡ್‌ನ ತಡಾವೋ ಕಿಕುಮೊಟೊ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ನುಡಿಸುವ ಜೊತೆಗಾರ ಬೇಕಲ್ವಾ, ಅದಕ್ಕೆ ಮಾಡಿದ ಯಂತ್ರ ಇದು. ಆದರೆ ಬೇಸ್ ಗಿಟಾರ್‌ನ ಹಾಗೆ ಕೇಳಲೇ ಇಲ್ಲ. ಸುಮಾರು 10,000 ಮಾಡಿ 1984ರಲ್ಲಿ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಬಿದ್ದಿದ್ದ ಅದನ್ನು ಶಿಕಾಗೋದ ಹುಡುಗರು ತಂದು, ಪ್ಯಾಟರ್ನ್ (ಮೊದಲೇ ಬರೆದಿಟ್ಟ ಸ್ವರಗಳ ಸಾಲು) ಓಡುತ್ತಿರುವಾಗಲೇ ಫಿಲ್ಟರ್ (ಸದ್ದನ್ನು ಸೋಸುವ ಭಾಗ) ನಾಬ್ ತಿರುಗಿಸಿ ನೋಡಿದರು. ಆಸಿಡ್ ಸೌಂಡ್, ಅಂದರೆ ಬಾಯಿ ತೆರೆದು ಮುಚ್ಚಿದ ಹಾಗೆ ಕೇಳುವ ಡಾನ್ಸ್ ಸಂಗೀತದ ಆ ಬೇಸ್ ಸದ್ದು, ಹುಟ್ಟಿದ್ದು ಹಾಗೆ. ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ. ಆಮೇಲೆ ಆಸ್ಟ್ರೇಲಿಯಾದ ರಾಬಿನ್ ವಿಟ್ಲ್ ಎಂಬವರು 303ರ ಒಳಗಿನ ಸರ್ಕ್ಯೂಟ್ ಬಿಚ್ಚಿ ಓದಿ, ಫ್ಯಾಕ್ಟರಿಯವರು ಒಳಗೇ ಕಟ್ಟಿಹಾಕಿದ್ದ ಸಂಗತಿಗಳನ್ನೆಲ್ಲ ಹೊರಗೆ ನಾಬ್ ಮಾಡಿ ಇಟ್ಟರು. ಅದಕ್ಕೆ ಅವರಿಟ್ಟ ಹೆಸರು ಡೆವಿಲ್ ಫಿಶ್. ನಿಮ್ಮ ಪೆಟ್ಟಿಗೆ ಅದೇ ದಾರಿಯಲ್ಲಿ ಮಾಡಿದ್ದು.

ಈಗ ಒಂದು ಕೆಲಸ ಮಾಡಿ. ಹೊಸ ನಾಬ್‌ಗಳನ್ನೆಲ್ಲ ಮನೆಗೆ ಕಳಿಸಿ. ಫಿಲ್ಟರ್ ಎಫ್‌ಎಂ ಸೊನ್ನೆಗೆ, ಫಿಲ್ಟರ್ ಟ್ರ್ಯಾಕಿಂಗ್ ಸೊನ್ನೆಗೆ, ಸಾಫ್ಟ್ ಅಟ್ಯಾಕ್ ಮತ್ತು ಸ್ಲೈಡ್ ಟೈಮ್ ತೀರಾ ಗಿಡ್ಡಕ್ಕೆ, ಆಕ್ಸೆಂಟ್ ಡಿಕೇ ಕೂಡ ಗಿಡ್ಡ. ಓವರ್‌ಡ್ರೈವ್ ಸ್ವಲ್ಪವೇ ಇರಲಿ. ಅದನ್ನು ಪೂರ್ತಿ ಇಳಿಸಬೇಡಿ, ಡೆವಿಲ್ ಫಿಶ್‌ನಲ್ಲಿ ಅದು ಸೊನ್ನೆಗೆ ಬಂದರೆ ಆಸಿಲೇಟರ್ (ಮೂಲ ಸದ್ದು ಹುಟ್ಟಿಸುವ ಭಾಗ) ಸದ್ದು ಫಿಲ್ಟರ್‌ಗೆ ಹೋಗುವುದೇ ಇಲ್ಲ, ಪೆಟ್ಟಿಗೆ ಹಾಳಾಯ್ತು ಅಂತ ಗಾಬರಿ ಆಗ್ತೀರಿ. ಈಗ ನಿಮ್ಮ ಮುಂದೆ ಹಳೇ 303 ಉಂಟು ಅಂತ ಲೆಕ್ಕ.

ಇನ್ನು ಪ್ಯಾಟರ್ನ್. 16 ಸ್ಟೆಪ್, ಎಲ್ಲಾ ಕಡೆ ಒಂದೇ ಸ್ವರ, ಎರಡು ಕಡೆ ಖಾಲಿ, ಒಂದು ಕಡೆ ಮೇಲಿನ ಆಕ್ಟೇವ್. ಕಟ್‌ಆಫ್ (ಫಿಲ್ಟರ್ ಎಷ್ಟು ತೆರೆದಿರಬೇಕು) ಕಾಲು ಭಾಗ, ರೆಸೊನೆನ್ಸ್ (ಆ ಅಂಚಿನ ಮೊನಚು) ಮುಕ್ಕಾಲು, ಎನ್ವಲಪ್ ಮಾಡ್ (ಪ್ರತಿ ಸ್ವರಕ್ಕೆ ಫಿಲ್ಟರ್ ಎಷ್ಟು ಏರಿಳಿಯಬೇಕು) ಅರ್ಧ, ಡಿಕೇ (ಅದು ಇಳಿಯಲು ಹಿಡಿಯುವ ಹೊತ್ತು) ಗಿಡ್ಡ. ಓಡಿಸಿ. ಏನೂ ಮಜಾ ಇರುವುದಿಲ್ಲ. ಈಗ ಒಂದೇ ಒಂದು ಸ್ಟೆಪ್‌ಗೆ ಆಕ್ಸೆಂಟ್ (ಒತ್ತು) ಕೊಡಿ, ಆಕ್ಸೆಂಟ್ ನಾಬ್ ಮುಕ್ಕಾಲು ಏರಿಸಿ. ಆಮೇಲೆ ಅದರ ಪಕ್ಕದ ಎರಡಕ್ಕೂ ಕೊಡಿ.

ಕೇಳಿಸಿತಾ? ಒಂದನೆಯದಕ್ಕಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ಬಾಯಿ ಜಾಸ್ತಿ ತೆರೆಯುತ್ತದೆ. ಈ ಯಂತ್ರದ ಜೀವ ಇರುವುದೇ ಇಲ್ಲಿ. 303ರಲ್ಲಿ ಆಕ್ಸೆಂಟ್ ಅಂದರೆ ಬರೀ ಸದ್ದು ಜೋರಾಗುವುದು ಅಂತ ತಿಳಿಯಬೇಡಿ. ಆ ಸ್ವರಕ್ಕೆ ಫಿಲ್ಟರ್‌ನ ಡಿಕೇ ತನ್ನಿಂತಾನೇ ತೀರಾ ಗಿಡ್ಡವಾಗುತ್ತದೆ, ಸುಮಾರು 200 ಮಿಲಿಸೆಕೆಂಡ್, ನೀವು ಡಿಕೇ ನಾಬ್ ಎಲ್ಲಿ ಇಟ್ಟಿದ್ದರೂ ಅಷ್ಟೇ. ಅದೇ ಹೊತ್ತಿಗೆ ಒಂದು ಸಣ್ಣ ಕೆಪಾಸಿಟರ್ ಚಾರ್ಜ್ ಆಗಿ ಕಟ್‌ಆಫನ್ನು ಮೇಲಕ್ಕೆ ತಳ್ಳುತ್ತದೆ. ಬೆನ್ನುಬೆನ್ನಿಗೆ ಆಕ್ಸೆಂಟ್ ಬಂದರೆ ಅದಕ್ಕೆ ಖಾಲಿಯಾಗಲು ಪುರುಸೊತ್ತು ಸಿಗುವುದಿಲ್ಲ, ಹಾಗಾಗಿ ಪ್ರತಿ ಸಲ ಹಿಂದಿನದಕ್ಕಿಂತ ಮೇಲೆ ಹೋಗುತ್ತದೆ. ರೆಸೊನೆನ್ಸ್ ನಾಬ್ ಕೂಡ ಎರಡು ಪದರದ್ದು, ಒಂದು ಪದರ ಈ ಆಕ್ಸೆಂಟ್‌ನ ದಾರಿಯಲ್ಲೇ ಕೂತಿದೆ. ಚೆಂಡೆಯವರು ಉರುಳಿಕೆ ಏರಿಸುತ್ತಾ ಹೋಗುವಾಗ ನಮ್ಮ ಎದೆ ಒಂದೊಂದು ಪೆಟ್ಟಿಗೂ ಮೇಲೆ ಬರುತ್ತದಲ್ಲ, ಹಾಗೆ.

ಇನ್ನೊಂದು ಸ್ಲೈಡ್. ಒಂದು ಸ್ವರ ಮುಂದಿನದಕ್ಕೆ ಜಾರುತ್ತದೆ, ನಡುವೆ ಗೇಟ್ (ಸ್ವರ ಆನ್ ಇದೆ ಅನ್ನುವ ಸೂಚನೆ) ಮುಚ್ಚುವುದಿಲ್ಲ, ಹಾಗಾಗಿ ಹೊಸ ಪೆಟ್ಟು ಕೇಳಿಸುವುದಿಲ್ಲ. ಮೂರು ಆಕ್ಸೆಂಟ್, ಎರಡು ಸ್ಲೈಡ್, ಎರಡು ಖಾಲಿ ಜಾಗ. ಇಷ್ಟನ್ನೇ ಜಾಗ ಬದಲಿಸಿ ಬದಲಿಸಿ ಒಂದು ವಾರ ನುಡಿಸಿ, ಬೇರೆ ಏನನ್ನೂ ಮುಟ್ಟಬೇಡಿ. ನಂತರ ದಿನಕ್ಕೊಂದು ಹೊಸ ನಾಬ್ ತೆಗೆದುಕೊಳ್ಳಿ. ಮೊದಲನೆಯದು ಆಕ್ಸೆಂಟ್ ಡಿಕೇ ಇರಲಿ. ಹಳೇ ಯಂತ್ರದಲ್ಲಿ ಕಟ್ಟಿಹಾಕಿದ್ದ ಆ 200 ಮಿಲಿಸೆಕೆಂಡ್ ಈಗ ನಿಮ್ಮ ಕೈಯಲ್ಲಿದೆ, ಅದನ್ನು ಉದ್ದ ಮಾಡಿದರೆ ಒತ್ತು ಬಿದ್ದ ಸ್ವರಗಳು ಅಳುವ ಹಾಗೆ ಎಳೆಯುತ್ತವೆ, ಉಳಿದವು ಚಿಟಿಕೆಯ ಹಾಗೆ ಗಿಡ್ಡವೇ ಇರುತ್ತವೆ. ನನಗೆ ಈ ಮಾಡಿಫಿಕೇಶನ್‌ನಲ್ಲಿ ಎಲ್ಲಕ್ಕಿಂತ ಇಷ್ಟ ಇದೊಂದೇ. ಫಿಲ್ಟರ್ ಎಫ್‌ಎಂ ಕೊನೆಗೆ ಇಟ್ಟುಕೊಳ್ಳಿ, ನೀವು ಹೇಳುವ ಕಿರುಚಾಟ ಹೆಚ್ಚಾಗಿ ಅಲ್ಲಿಂದಲೇ ಬರುತ್ತಿರಬೇಕು.

ಪ್ರಶ್ನೆ: ನಮ್ಮ ದೊಡ್ಡಪ್ಪ ಮುಂಬೈಯಲ್ಲಿ ಆರ್ಕೆಸ್ಟ್ರಾದಲ್ಲಿದ್ದವರು. ಅವರ ಪೆಟ್ಟಿಗೆಯಲ್ಲಿ ಅಸಲಿ ಟಿಬಿ-303 ಸಿಕ್ಕಿತು, ಆನ್ ಆಗುತ್ತದೆ. ಇಲ್ಲೇ ಪರಿಚಯದ ಟಿವಿ ರಿಪೇರಿಯವರು ನಾಬ್ ಹಾಕಿ ಡೆವಿಲ್ ಫಿಶ್ ತರಹ ಮಾಡಿಕೊಡ್ತೇನೆ ಅಂತಾರೆ. ಕೊಡಲಾ ಸಾರ್?
— ಓದುಗರು, ಉಡುಪಿ

ಉತ್ತರ: ದಯವಿಟ್ಟು ಬೇಡ ಮಾರಾಯ್ರೆ. ನಾಬ್‌ಗಳಿಗೆ, ಸಾಕೆಟ್‌ಗಳಿಗೆ ಆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ಕಿಗೆ ತೂತು ಕೊರೆಯಬೇಕು. ಕೊರೆದ ತೂತು ಮತ್ತೆ ಮುಚ್ಚುವುದಿಲ್ಲ. ಇವತ್ತು ಅಸಲಿ ಯಂತ್ರ ಲಕ್ಷಗಟ್ಟಲೆ ಬಾಳುತ್ತದೆ. ದುಡ್ಡಿನ ಮಾತು ಬಿಡಿ, ದೊಡ್ಡಪ್ಪನ ಕೈ ಆಡಿದ ವಸ್ತು ಅದು.

ರಿಪೇರಿಯವರ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಈ ಸರ್ಕ್ಯೂಟ್‌ನಲ್ಲಿ ತಪ್ಪು ಅಂತ ಕಾಣುವುದೇ ಸರಿ ಇರುತ್ತದೆ. ನನಗೆ ಆದದ್ದು ಕೇಳಿ. ಎಕ್ಸ್‌ಝೀರೋಎಕ್ಸ್‌ಬಿಝೀರೋಎಕ್ಸ್ ಅಂತ ಒಂದು ಕಿಟ್ ಉಂಟು, 2005ರಲ್ಲಿ ಲಿಮೋರ್ ಫ್ರೈಡ್ ವಿನ್ಯಾಸ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ 303ರ ಪ್ರತಿರೂಪ. ಅದನ್ನು ಜೋಡಿಸಿ ಕೆಲವು ವರ್ಷ ನುಡಿಸಿದ್ದೆ. ಸದ್ದು ಮಂಕಾಯ್ತು ಅಂತ ಒಬ್ಬರಿಗೆ ರಿಪೇರಿಗೆ ಕೊಟ್ಟೆ. ಅವರು ಬೋರ್ಡ್ ತೆರೆದು ನೋಡಿದರೆ ಫಿಲ್ಟರ್‌ನ ನಾಲ್ಕು ಕೆಪಾಸಿಟರ್‌ಗಳಲ್ಲಿ ಮೂರು 0.033 ಮೈಕ್ರೋಫ್ಯಾರಡ್, ಒಂದು ಮಾತ್ರ 0.018. ಯಾರೋ ತಪ್ಪಿ ಹಾಕಿದ್ದಾರೆ ಅಂತ ನಾಲ್ಕನ್ನೂ ಒಂದೇ ಮಾಡಿ, ಬೆಸುಗೆ ಎಲ್ಲ ಚೆಂದ ಮಾಡಿ ಕೊಟ್ಟರು. ಮನೆಗೆ ತಂದು ಹಚ್ಚಿದೆ. ಸದ್ದು ಬಂತು, ಆದರೆ ಆ ರಬ್ಬರ್ ಎಳೆದ ಹಾಗಿನ ಗುಣ ಹೋಗಿತ್ತು. 303ರ ಫಿಲ್ಟರ್ ಡಯೋಡ್ ಏಣಿಯ ತರಹದ್ದು, ಆ ಒಂದು ಮೆಟ್ಟಿಲು ಬೇಕಂತಲೇ ಅರ್ಧ ಇಟ್ಟಿದ್ದಾರೆ. ನಾನೇ ಮತ್ತೆ ಬದಲಿಸಿದೆ, ಒಂದು ಭಾನುವಾರ ಹೋಯ್ತು. ನಿಮ್ಮ ಯಂತ್ರದಲ್ಲಿ ಹೀಗೆ ಪ್ರಯೋಗ ಆಗುವುದು ನನಗೆ ಬೇಡ.

ಹೆಚ್ಚು ನಾಬ್ ಬೇಕು ಅಂತಿದ್ದರೆ ಕಡಿಮೆ ಬೆಲೆಯ ಪ್ರತಿರೂಪ ಒಂದನ್ನು ತಂದು ಅದಕ್ಕೆ ತೂತು ಕೊರೆಯಿರಿ. ಅಸಲಿಗೆ ಆಗಬೇಕಾದ್ದು ಇಷ್ಟೇ: ಕೆಳಗಿನ ಬ್ಯಾಟರಿ ಡಬ್ಬಿ ತೆರೆದು ನೋಡಿ. ಪ್ಯಾಟರ್ನ್ ನೆನಪಿಟ್ಟುಕೊಳ್ಳಲು ಅದರಲ್ಲಿ ದಪ್ಪ ಸೆಲ್ ಹಾಕಿರುತ್ತಾರೆ. ಹಳೇ ಸೆಲ್ ಒಡೆದು ರಸ ಸೋರಿದ್ದರೆ ಇವತ್ತೇ ತೆಗೆದು ಒರೆಸಬೇಕು. ಒಂದು ಮಾತು, ಸೆಲ್ ತೆಗೆದರೆ ದೊಡ್ಡಪ್ಪ ಹಾಕಿಟ್ಟ ಪ್ಯಾಟರ್ನ್‌ಗಳು ಅಳಿಸಿಹೋಗುತ್ತವೆ. ಸೆಲ್ ಇನ್ನೂ ಜೀವ ಇದ್ದರೆ ತೆಗೆಯುವ ಮೊದಲು ಒಂದೊಂದಾಗಿ ಎಲ್ಲವನ್ನೂ ಓಡಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಇದರಲ್ಲಿ ಯಕ್ಷಗಾನದ ತಾಳ ಹಾಕಲು ಆಗುತ್ತದಾ? 16ರ ಲೆಕ್ಕಕ್ಕೆ ತ್ರಿವುಡೆ ಕೂರುವುದಿಲ್ಲವಲ್ಲ.
— ಹವ್ಯಾಸಿ ಮದ್ದಲೆಗಾರ, ಕೋಟ

ಉತ್ತರ: ಎಂಥ ಒಳ್ಳೆ ಪ್ರಶ್ನೆ! ಕೂರುತ್ತದೆ. 16 ಅಂದರೆ ಗರಿಷ್ಠ ಅಷ್ಟೇ, ಕಡಿಮೆ ಇಟ್ಟುಕೊಳ್ಳಬಹುದು. ತ್ರಿವುಡೆಗೆ 7 ಇಡಿ, ಇಲ್ಲಾಂದ್ರೆ 14 ಇಟ್ಟು ಎರಡು ಆವರ್ತ ಮಾಡಿ. ಝಂಪೆಗೆ 10. ಒತ್ತು ಬೀಳುವಲ್ಲಿ ಆಕ್ಸೆಂಟ್ ಹಾಕಿ, ಎಲ್ಲಿ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ಯಾಟರ್ನ್ ಬರೆಯುವ ರೀತಿ ಮಾತ್ರ ಮೊದಲಿಗೆ ತಲೆ ಕೆಡಿಸುತ್ತದೆ. ಸ್ವರಗಳನ್ನು ಬೇರೆ, ಕಾಲವನ್ನು ಬೇರೆ ಬರೆಯಬೇಕು. ಮೊದಲು ಸ್ವರಗಳನ್ನು ಸಾಲಾಗಿ ಕೊಡುವುದು, ಆಮೇಲೆ ಯಾವ ಸ್ಟೆಪ್‌ನಲ್ಲಿ ನುಡಿ, ಯಾವುದರಲ್ಲಿ ಎಳೆತ, ಯಾವುದರಲ್ಲಿ ಮೌನ ಅಂತ ಹೇಳುವುದು. 7 ಸ್ಟೆಪ್‌ನಲ್ಲಿ ಎರಡು ಮೌನ ಇದ್ದರೆ ಐದೇ ಸ್ವರ ಬೇಕು. ಬಾಯಲ್ಲಿ ಹೇಳಿ ಕಲಿತ ನಿಮಗೆ ಇದು ಸುಲಭ, ಕೀಬೋರ್ಡಿನವರಿಗೇ ಕಷ್ಟ. ಡ್ರಮ್ ಮೆಷಿನ್ 16ರಲ್ಲೇ ಓಡಲಿ, ಬೇಸ್ 7ರಲ್ಲಿ ಓಡಲಿ, 112 ಸ್ಟೆಪ್ ಆದ ಮೇಲೆ ಎರಡೂ ಒಂದೇ ಕಡೆ ಬಂದು ಬೀಳುತ್ತವೆ. ಆ ಕೂಡುವ ಜಾಗಕ್ಕೆ ಕಾಯುವುದೇ ಒಂದು ಸುಖ.

ಮಾಡಿಫೈ ಮಾಡಿದ ಪೆಟ್ಟಿಗೆಯಾದರೆ ಇನ್ನೊಂದು ಲಾಭ ಉಂಟು. ಹಳೆಯದರಲ್ಲಿ ಸ್ಲೈಡ್ ಸುಮಾರು 60 ಮಿಲಿಸೆಕೆಂಡ್, ಅದನ್ನು ಬದಲಿಸಲು ಆಗುವುದಿಲ್ಲ. ಡೆವಿಲ್ ಫಿಶ್‌ನಲ್ಲಿ 360ರ ತನಕ ಎಳೆಯಬಹುದು. ಅಷ್ಟು ಎಳೆದಾಗ ಅದು ನಮ್ಮ ಜಾರು ಗಮಕದ ಹತ್ತಿರ ಬರುತ್ತದೆ. ಶ್ರುತಿಗೆ ಟ್ಯೂನಿಂಗ್ ನಾಬ್ ಸಾಕು, ಆನ್ ಮಾಡಿ ಸ್ವಲ್ಪ ಹೊತ್ತು ಬಿಸಿಯಾದ ಮೇಲೆ ಹೊಂದಿಸಿ, ಅನಲಾಗ್ ಯಂತ್ರ ಮೊದಲು ಸ್ವಲ್ಪ ಜರುಗುತ್ತದೆ. ಆದರೆ ಆಟದ ನಡುವೆ ಭಾಗವತರ ಪದಕ್ಕೆ ಇದನ್ನು ಸೇರಿಸಬೇಡಿ, ಅಲ್ಲಿ ಚೆಂಡೆ ಮದ್ದಲೆಯೇ ಆಗಬೇಕು ಅನ್ನುವವನು ನಾನು. ನಿಮ್ಮದೇ ಹೊಸ ಸಂಗೀತಕ್ಕೆ ಧಾರಾಳ ಬಳಸಿ. ರೆಕಾರ್ಡ್ ಮಾಡಿದರೆ ನನಗೂ ಕೇಳಿಸಬೇಕು.

ಪ್ರಶ್ನೆ: ಮಗ ರಾತ್ರಿಯಿಡೀ ಒಂದು ಪೆಟ್ಟಿಗೆ ತಿರುಗಿಸುತ್ತಾನೆ, ಒಂದೇ ಸದ್ದು. ಇದೂ ಸಂಗೀತವಾ? ವಿದೇಶದವರ ಹುಚ್ಚು ಅಂತ ಇವರು ಬೈಯುತ್ತಾರೆ.
— ಗೃಹಿಣಿ, ಬ್ರಹ್ಮಾವರ

ಉತ್ತರ: ಸಂಗೀತವೇ ಅಕ್ಕಾ. ಯಜಮಾನರಿಗೆ ಒಂದು ಸಂಗತಿ ಹೇಳಿ. ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಅಂತ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಕಲಾವಿದರಿದ್ದರು. ಅವರು 1982ರಲ್ಲೇ ಇದೇ 303 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳದಲ್ಲಿ ನುಡಿಸಿ ರೆಕಾರ್ಡ್ ತಂದರು. ಆಗ ಅದು ಮಾರಾಟವಾಗಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಹೊರದೇಶದವರೇ ಬೆರಗಾದರು, ಯಾಕೆಂದರೆ ಶಿಕಾಗೋದ ರೆಕಾರ್ಡಿಗಿಂತ ಐದು ವರ್ಷ ಮೊದಲೇ ನಮ್ಮವರೊಬ್ಬರು ಆ ಸದ್ದು ಹಿಡಿದಿದ್ದರು. ಭೈರವ್, ಕಲಾವತಿ ಎಲ್ಲ ಉಂಟು ಅದರಲ್ಲಿ. ಮನೆಯವರೆಲ್ಲ ಕೂತು ಒಮ್ಮೆ ಕೇಳಿ. ಹತ್ತು ಗಂಟೆಯ ಮೇಲೆ ಹೆಡ್‌ಫೋನ್ ಹಾಕಿಕೋ ಅಂತ ಮಗನಿಗೆ ನಾನು ಹೇಳಿದೆ ಅಂತ ಹೇಳಿ. ಪೆಟ್ಟಿಗೆಯಲ್ಲಿ ಅದಕ್ಕೆ ತೂತು ಇರುತ್ತದೆ.

ಪ್ರಶ್ನೆ: ಮಳೆಗಾಲ ಕಳೆದು ತೆಗೆದರೆ ನಾಬ್ ತಿರುಗಿಸುವಾಗ ಕರಕರ ಅನ್ನುತ್ತದೆ. ಜೊತೆಗೆ ಜಪಾನಿನ ಹಳೇ ಅಡಾಪ್ಟರ್ ಒಂದು ಸಿಕ್ಕಿದೆ, ಹಾಕಬಹುದಾ?
— ಓದುಗರು, ಉಳ್ಳಾಲ

ಉತ್ತರ: ಅಡಾಪ್ಟರ್ ಮೊದಲು. ಹಾಕಲೇಬೇಡಿ. ಜಪಾನಿನಲ್ಲಿ ಕರೆಂಟ್ 100 ವೋಲ್ಟ್, ನಮ್ಮಲ್ಲಿ 230. ಪಿನ್ ಬದಲಿಸುವ ಸಣ್ಣ ಪ್ಲಗ್ ಸಿಗುತ್ತದಲ್ಲ, ಅದು ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ಒಂದು ಅಂಗಡಿಯಲ್ಲಿ ‘ಏನೂ ಆಗುವುದಿಲ್ಲ, ಹಾಕಿ’ ಅಂದರು ಅಂತ ನಾನು ಹಾಕಿದ್ದೆ, ಅರ್ಧ ನಿಮಿಷದಲ್ಲಿ ಕೋಣೆ ತುಂಬ ಸುಟ್ಟ ವಾಸನೆ. ಪುಣ್ಯಕ್ಕೆ ಅಡಾಪ್ಟರ್ ಮಾತ್ರ ಹೋಯ್ತು. ಇಲ್ಲಿನ 9 ವೋಲ್ಟಿನದು ತೆಗೆದುಕೊಳ್ಳಿ, ಪ್ಲಸ್ ಮೈನಸ್ ಯಾವುದು ಒಳಗೆ, ಯಾವುದು ಹೊರಗೆ ಅಂತ ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಹೋಲಿಸಿ ನೋಡಿ.

ಕರಕರಕ್ಕೆ ಕಾರಣ ನಮ್ಮ ಉಪ್ಪುಗಾಳಿ, ತೇವ. ನಾಬ್‌ನ ಕೆಳಗಿನ ಪಾಟ್ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಪೊರೆ ಕಟ್ಟುತ್ತದೆ. ಪ್ಲಗ್ ತೆಗೆದು, ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಬಿಟ್ಟು, ಆ ಕಡೆಯಿಂದ ಈ ಕಡೆಗೆ ಮೂವತ್ತು ಸಲ ತಿರುಗಿಸಿ. ತೆಂಗಿನೆಣ್ಣೆ ಹಾಕಿದವರೂ ಇದ್ದಾರೆ, ದಯವಿಟ್ಟು ಹಾಕಬೇಡಿ. ಮುಂದಿನ ಮಳೆಗಾಲಕ್ಕೆ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ವಾರಕ್ಕೊಮ್ಮೆ ತೆಗೆದು ಅರ್ಧ ಗಂಟೆ ನುಡಿಸಿ. ಸುಮ್ನೆ ಮುಚ್ಚಿಟ್ಟ ಯಂತ್ರವೇ ಬೇಗ ಕೆಡುವುದು.

ಪ್ರಶ್ನೆ: 303ರ ಹಿಂದೆ ಐದು ಪಿನ್ನಿನ ಗುಂಡು ಸಾಕೆಟ್ ಉಂಟು. ಮಿಡಿ (ಯಂತ್ರದಿಂದ ಯಂತ್ರಕ್ಕೆ ಸ್ವರದ ಸುದ್ದಿ ಸಾಗಿಸುವ) ಕೇಬಲ್ ಹಾಕಿದೆ, ಕೀಬೋರ್ಡ್ ಒತ್ತಿದರೆ ಏನೂ ಬರುವುದಿಲ್ಲ.
— ಓದುಗರು, ಮಣಿಪಾಲ

ಉತ್ತರ: ಸಾಕೆಟ್ ನೋಡಲು ಹಾಗೇ ಉಂಟು, ಆದರೆ ಅದು ಮಿಡಿ ಅಲ್ಲವೇ ಅಲ್ಲ. ಅದರ ಹೆಸರು ಡಿನ್ ಸಿಂಕ್. ಸ್ವರದ ಸುದ್ದಿ ಅದರಲ್ಲಿ ಹೋಗುವುದಿಲ್ಲ, ‘ಶುರು ಮಾಡು, ನಿಲ್ಲಿಸು’ ಅನ್ನುವುದು ಒಂದು ತಂತಿಯಲ್ಲಿ, ತಾಳದ ಟಿಕ್ ಇನ್ನೊಂದರಲ್ಲಿ, ಒಂದು ಬೀಟ್‌ಗೆ 24. ಮಿಡಿಯಿಂದ ಓಡಿಸಬೇಕಾದರೆ ನಡುವೆ ಒಂದು ಪರಿವರ್ತಕ ಬೇಕು, ಇಲ್ಲವೇ ಮಿಡಿ ಸೇರಿಸಿ ಮಾಡಿಫೈ ಮಾಡಿದ ಪೆಟ್ಟಿಗೆ ಬೇಕು. ಜೊತೆಗೆ ಬಂದ ಹಳೇ ಕೇಬಲ್ ಇದ್ದರೆ ಬಿಸಾಡಬೇಡಿ, ಎಲ್ಲಾದರೂ ಒಂದು ಟಿಆರ್-606 ಡ್ರಮ್ ಮೆಷಿನ್ ಸಿಕ್ಕಿದರೆ ಎರಡನ್ನೂ ಜೋಡಿಸಲು ಅದೇ ಬೇಕಾಗುತ್ತದೆ.