ಕಳಿಸೋದಕ್ಕೆ ಅಂತ ಓದುವ ವಚನ

ವರ್ಷಕ್ಕೆ ನಾಲ್ಕೈದು ಮಂದಿ ಕ್ರೈಸ್ತ ವಿಶ್ವಾಸಿಗಳಾದರೂ ಸಲಹೆ ಕೇಳಿಕೊಂಡು ನನ್ನ ಬಳಿ ಬರುತ್ತಾರೆ. "ನಾನು ದೇವರ ವಾಕ್ಯ ಹಂಚಿಕೊಂಡೆ, ಅವರು ದೂರ ಆದರು. ನನ್ನ ಸಾಕ್ಷಿಯಲ್ಲಿ ಏನು ಕೊರತೆ?" ಎಲ್ಲರದ್ದೂ ಇದೇ ಪ್ರಶ್ನೆ. ಸಾಕ್ಷಿ ಎಂದರೆ ತಮ್ಮ ನಂಬಿಕೆಯನ್ನು ಮಾತಿನಲ್ಲೂ ಬದುಕಿನಲ್ಲೂ ತೋರಿಸುವುದು. ಅವರಲ್ಲಿ ಒಬ್ಬರ ವಿಷಯ ಇದು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಆಕೆಗೆ ನಾನು ಕೊಟ್ಟ ಸಲಹೆ ತಪ್ಪು ಎಂದು ಅವರ ಸಭೆಯ, ಅಂದರೆ ಚರ್ಚಿನ, ಕೆಲವರು ಈಗಲೂ ಹೇಳುತ್ತಾರೆ. ತಪ್ಪಲ್ಲ ಎಂದು ನಾನು ಈಗಲೂ ನಂಬಿದ್ದೇನೆ.

ಆಕೆಗೆ ನಲವತ್ತೈದರ ಆಸುಪಾಸು. ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಆರು ಗಂಟೆಗೆ ಪರಿಚಯದವರಿಗೆಲ್ಲ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ ಕಳಿಸುವುದು ಹಲವು ವರ್ಷಗಳ ರೂಢಿ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯ ಗಂಡ ಇದ್ದಕ್ಕಿದ್ದಂತೆ ತೀರಿಕೊಂಡರು. ಈ ಗೆಳತಿ ಸಭೆಗೆ ಬರುವವಳಲ್ಲ. ಮೂರನೇ ದಿನವೇ ಆಕೆಯಿಂದ ಗೆಳತಿಗೆ ವಚನ ಹೋಯಿತು. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ನಡೆಯುತ್ತದೆ ಎನ್ನುವ, ರೋಮಾಪುರದವರಿಗೆ ಬರೆದ ಪತ್ರದ 8:28 (ಎಂಟನೇ ಅಧ್ಯಾಯ, ಇಪ್ಪತ್ತೆಂಟನೇ ವಚನ). ಆಮೇಲೆ ದಿನಕ್ಕೊಂದು. ಎರಡು ತಿಂಗಳ ನಂತರ ಉತ್ತರ ಬಂತು: "ದಯವಿಟ್ಟು ನಿಲ್ಲಿಸು. ನಿನ್ನ ಮೆಸೇಜ್ ಬಂದರೆ ಫೋನ್ ಮಗುಚಿ ಇಡ್ತೀನಿ." ಅಷ್ಟು ಬರೆದು ಗೆಳತಿ ನಂಬರ್ ಬ್ಲಾಕ್ ಮಾಡಿದ್ದಳು.

"ಅವಳ ಮನಸ್ಸು ಕಲ್ಲಾಗಿದೆ ಮೇಡಂ. ಹೇಗೆ ಮುಟ್ಟಬೇಕು ಹೇಳಿಕೊಡಿ" ಎಂದು ಕೇಳಿಕೊಂಡು ಬಂದಿದ್ದರು.

ಮೊದಲ ಮೂರು ಭೇಟಿಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಒಂದನ್ನು ಮಾತ್ರ ಒಪ್ಪಿಕೊಳ್ಳಬೇಕು. ಮೊದಲ ದಿನ ಆಕೆ ಹೊರಡುವಾಗ ನಾನೂ ಒಂದು ಚೀಟಿಯಲ್ಲಿ ವಚನ ಬರೆದು ಕೈಗಿಟ್ಟಿದ್ದೆ. ಗಂಟೆ ಮುಗಿದಿತ್ತು, ಆಕೆಯ ಕಣ್ಣು ತುಂಬಿತ್ತು, ನನಗೆ ಬೇರೇನೂ ತೋಚಿರಲಿಲ್ಲ.

ನಾಲ್ಕನೇ ಸಲ ಬಂದಾಗ ಒಂದು ಕೆಲಸ ಹೇಳಿದೆ. ಗೆಳತಿಗೆ ಕಳಿಸಿದ್ದನ್ನೆಲ್ಲ ಫೋನಿನಲ್ಲಿ ತೆಗೆದು, ಮೊದಲಿನಿಂದ, ಜೋರಾಗಿ ಓದಿ ಅಂದೆ. ಗಂಡನನ್ನು ಕಳೆದುಕೊಂಡವಳು ನೀವೇ ಎಂದುಕೊಂಡು ಓದಿ ಅಂತಲೂ ಸೇರಿಸಿದೆ. ಆಕೆ ಹುರುಪಿನಿಂದಲೇ ಶುರು ಮಾಡಿದರು. ಆರೇಳು ಓದುವಷ್ಟರಲ್ಲಿ ದನಿ ಇಳಿಯಿತು. ಫಿಲಿಪ್ಪಿಯವರಿಗೆ 4:13 ಬಂತು, ನನ್ನನ್ನು ಬಲಪಡಿಸುವವನಿಂದ ಎಲ್ಲವನ್ನೂ ಮಾಡಬಲ್ಲೆ ಎನ್ನುವುದು. ಅದರ ಹಿಂದಿನ ವಚನ ಏನು ಹೇಳುತ್ತದೆ ಎಂದು ಕೇಳಿದೆ. ನೆನಪಿಲ್ಲ ಅಂದರು. ಹಸಿವು, ಕೊರತೆಯ ನಡುವೆಯೂ ಇರಲು ಕಲಿತೆ ಎಂದು ಆದಿ ಸಭೆಯ ಬೋಧಕ ಪೌಲ ಬೇಡಿಯಲ್ಲಿದ್ದುಕೊಂಡು ಬರೆದ ಮಾತು ಅದು. ಆಕೆ ಸುಮ್ಮನೆ ತಲೆಯಾಡಿಸಿ ಮುಂದಕ್ಕೆ ಹೋದರು.

ಆಮೇಲೆ ಯೆರೆಮೀಯ 29:11 ಬಂತು, ಸೂರ್ಯೋದಯದ ಚಿತ್ರದ ಮೇಲೆ. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ, ನಿಮಗೆ ಒಳ್ಳೆಯ ಭವಿಷ್ಯವಿದೆ ಎನ್ನುವ ವಚನ. ನಾನು ಮೇಜಿನ ಮೇಲಿದ್ದ ಸತ್ಯವೇದವನ್ನು ಆಕೆಯ ಕಡೆ ಸರಿಸಿದೆ. "ಹತ್ತನೇ ವಚನ ಓದಿ" ಅಂದೆ.

ಆಕೆ ಓದಿದರು. ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಎಂದಿತ್ತು. ಇನ್ನೊಂದು ಸಲ ಓದಿದರು.

ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಹಾಕಿಕೊಳ್ಳಿ, ಅಲ್ಲೇ ಇರಬೇಕಾಗುತ್ತದೆ ಎಂದು ಹೇಳುವ ಪತ್ರ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಎಂದು ಅವನು ಸಾರುತ್ತಾನೆ. ಕೇಳುವವರಿಗೆ ಯಾರ ಮಾತು ಹಿತವಾಗಿತ್ತು ಹೇಳಿ? ಆದರೆ ಹನನ್ಯನನ್ನು ದೇವರು ಕಳಿಸಿರಲಿಲ್ಲ. ಪತ್ರ ಓದಿಸಿಕೊಂಡ ದೊಡ್ಡವರಲ್ಲಿ ಅನೇಕರು ಆ ಎಪ್ಪತ್ತು ವರ್ಷದ ಕೊನೆ ಕಾಣುವ ಹಾಗಿರಲಿಲ್ಲ. ಹನ್ನೊಂದನೇ ವಚನಕ್ಕೆ ತೂಕ ಬರುವುದೇ ಇದರಿಂದ. ಹತ್ತನ್ನು ಬಿಟ್ಟು ಹನ್ನೊಂದನ್ನು ಮಾತ್ರ ಕಳಿಸಿದರೆ ನಾವು ಯೆರೆಮೀಯನ ಪುಸ್ತಕ ಹಿಡಿದು ಹನನ್ಯನ ಕೆಲಸ ಮಾಡಿದ ಹಾಗೆ. ಇದನ್ನು ಆಕೆಗೆ ಇಷ್ಟು ಖಾರವಾಗಿ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಆಕೆ ಪುಸ್ತಕ ಮುಚ್ಚಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಮೇಡಂ, ನಾನು ಕಳಿಸೋದಕ್ಕೆ ಅಂತ ಓದ್ತೀನಿ. ನನಗೋಸ್ಕರ ಓದಿ ಎಷ್ಟು ದಿನ ಆಯ್ತೋ ಗೊತ್ತಿಲ್ಲ" ಅಂದರು.

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಉತ್ತರ ತಡವಾಗಿ ಬಂತು. ಎರಡು ವರ್ಷದ ಹಿಂದೆ ಮಗ ಜಗಳವಾಡಿ ಮನೆ ಬಿಟ್ಟಿದ್ದಾನೆ. ಎಲ್ಲಿದ್ದಾನೆ ಗೊತ್ತು, ಆದರೆ ಮಾತಿಲ್ಲ. ದಿನಾ ಪ್ರಾರ್ಥನೆ ಮಾಡಿದ್ದಾರೆ, ಉಪವಾಸ ಮಾಡಿದ್ದಾರೆ. ಏನೂ ಆಗಿಲ್ಲ. ಸಭೆಯಲ್ಲಿ ಯಾರಿಗೂ ಹೇಳಿಲ್ಲ. "ಬೇರೆಯವರಿಗೆ ಧೈರ್ಯ ಹೇಳುವವಳು ನಾನು. ನನ್ನ ಮನೆಯಲ್ಲೇ ಹೀಗೆ ಅಂದರೆ ಸಾಕ್ಷಿ ಕೆಡಲ್ವಾ?" ಗೆಳತಿ ಅಳುವುದನ್ನು ಕಂಡಾಗಲೆಲ್ಲ ತನಗೂ ಅಳು ಉಕ್ಕಿ ಬರುತ್ತಿತ್ತಂತೆ. ಆಗ ತಕ್ಷಣ ಒಂದು ವಚನ ಹುಡುಕಿ ಕಳಿಸಿಬಿಡುತ್ತಿದ್ದರಂತೆ. ನನಗೆ ನನ್ನ ಚೀಟಿ ನೆನಪಾಯಿತು.

ಸಲಹೆ ಕೊಟ್ಟದ್ದು ಅವತ್ತೇ. ಒಂದು ತಿಂಗಳು ಯಾರಿಗೂ ವಚನ ಕಳಿಸಬೇಡಿ. ಆರು ಗಂಟೆಗೆ ಫೋನ್ ಬೇರೆ ಕೋಣೆಯಲ್ಲಿರಲಿ. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆಯನ್ನು ಪೂರ್ತಿ, ಬಾಯಿಬಿಟ್ಟು ಓದಿ. ಇಷ್ಟವಾದ ಸಾಲಿಗೆ ಗೆರೆ ಹಾಕಬೇಡಿ, ಫೋಟೋ ತೆಗೆಯಬೇಡಿ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳಾಟವೇ. ಹದಿಮೂರನೆಯದು "ಎಷ್ಟರವರೆಗೆ?" ಎಂದು ದೇವರನ್ನು ಒಂದೇ ಉಸಿರಿಗೆ ನಾಲ್ಕು ಸಲ ಕೇಳುತ್ತದೆ. ಎಂಬತ್ತೆಂಟನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಇವನ್ನು ಯಾರೂ ಸೂರ್ಯೋದಯದ ಚಿತ್ರದ ಮೇಲೆ ಬರೆಯುವುದಿಲ್ಲ ಅಲ್ವಾ? ಆದರೂ ಇವು ಸತ್ಯವೇದದ ಒಳಗೇ ಇವೆ. ದೇವರ ಮುಂದೆ ಅಳುವುದು ಅಪನಂಬಿಕೆ ಅನ್ನುವವರು ಮೊದಲು ಈ ಪುಟಗಳಿಗೆ ಉತ್ತರ ಹೇಳಬೇಕು.

ಗೆಳತಿಯ ವಿಷಯಕ್ಕೆ ಒಂದೇ ಮಾತು ಹೇಳಿದೆ. ಹೋಗಿ ಕ್ಷಮೆ ಕೇಳಿ, ಆಮೇಲೆ ಏನಾದರೂ ಕೆಲಸ ಮಾಡಿಕೊಡಿ. "ಏನಾದ್ರೂ ಬೇಕಿದ್ರೆ ಹೇಳು" ಅನ್ನಬೇಡಿ, ದುಃಖದಲ್ಲಿರುವವರಿಗೆ ಬೇಕಾದ್ದನ್ನು ಪಟ್ಟಿ ಮಾಡಿ ಹೇಳುವಷ್ಟು ತ್ರಾಣ ಇರುವುದಿಲ್ಲ. ಗಂಡ ತೀರಿಕೊಂಡವಳಿಗೆ ಬ್ಯಾಂಕ್ ಖಾತೆ, ವಿಮೆ, ಮರಣ ಪ್ರಮಾಣಪತ್ರ ಅಂತ ಕಾಗದದ ರಾಶಿಯೇ ಇರುತ್ತದೆ. ಲೆಕ್ಕಪತ್ರ ನಿಮ್ಮ ಕೈಯ ಕೆಲಸವೇ ಅಲ್ವಾ?

ಬೆಳಗಿನ ವಚನ ನಿಂತಾಗ ಸಭೆಯಲ್ಲಿ ವಿಚಾರಣೆ ಆಯಿತು. ಹಿರಿಯರೊಬ್ಬರು ನನಗೇ ಫೋನ್ ಮಾಡಿದರು. "ಸುವಾರ್ತೆಗೆ ಬೀಗ ಹಾಕುವ ಅಧಿಕಾರ ನಿಮಗೆ ಯಾರು ಕೊಟ್ಟರು? ಕಾಲ ಅನುಕೂಲವಾಗಿರಲಿ ಇಲ್ಲದಿರಲಿ ವಾಕ್ಯ ಸಾರು ಎಂದು ಬರೆದಿಲ್ಲವೇ?" ಬರೆದಿದೆ, ತಿಮೊಥೆಗೆ ಬರೆದ ಎರಡನೆಯ ಪತ್ರ, 4:2. ಸಭೆಯ ಹೊಣೆ ಹೊತ್ತ ಒಬ್ಬ ಸೇವಕನಿಗೆ ಬರೆದದ್ದು. ಅದೇ ವಚನದ ಕೊನೆಯಲ್ಲಿ ಪೂರ್ಣ ತಾಳ್ಮೆಯಿಂದ ಎಂಬ ಮಾತೂ ಇದೆ. ಸಾಮಾನ್ಯ ವಿಶ್ವಾಸಿಗಳಿಗೆ ಯೇಸುವಿನ ಶಿಷ್ಯ ಪೇತ್ರ ಬರೆದದ್ದು ಬೇರೆ ಥರ ಇದೆ: ನಿಮ್ಮ ನಿರೀಕ್ಷೆಗೆ ಕಾರಣ ಏನು ಎಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಅದೂ ಮೆಲ್ಲಗೆ, ಗೌರವದಿಂದ. ಅಲ್ಲಿ ಕೇಳುವವರು ಇದ್ದಾರೆ. ಆಕೆಯ ಗೆಳತಿ ಏನನ್ನೂ ಕೇಳಿರಲಿಲ್ಲ.

ಮಾತೇ ಬೇಡ ಎಂದು ನಾನು ಹೇಳುತ್ತಿಲ್ಲ. ಯೋಹಾನನ ಸುವಾರ್ತೆಯ ಹನ್ನೊಂದನೇ ಅಧ್ಯಾಯ ನೋಡಿ. ಲಾಜರ ಸತ್ತು ನಾಲ್ಕು ದಿನವಾಗಿದೆ. "ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ" ಎಂದು ಮಾರ್ಥಳೂ ಹೇಳುತ್ತಾಳೆ, ಮರಿಯಳೂ ಹೇಳುತ್ತಾಳೆ. ಹೆಚ್ಚುಕಡಿಮೆ ಅವೇ ಪದಗಳು. ಮಾರ್ಥ ಇನ್ನೂ ಮಾತಾಡುವ ಸ್ಥಿತಿಯಲ್ಲಿದ್ದಾಳೆ, ಅವಳಿಗೆ ಯೇಸು ಪುನರುತ್ಥಾನದ ಮಾತು ಹೇಳುತ್ತಾನೆ. ಮರಿಯ ಕಾಲಿಗೆ ಬಿದ್ದು ಅಳುತ್ತಿದ್ದಾಳೆ, ಅವಳಿಗೆ ಉಪದೇಶ ಇಲ್ಲ. ಯೇಸು ಕಣ್ಣೀರಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅಳುತ್ತಾನೆ. ನಮಗೆ ಅಷ್ಟೂ ಗೊತ್ತಿರುವುದಿಲ್ಲ, ಆದರೂ ಅಳುವುದಕ್ಕೆ ಮೊದಲೇ ಉಪದೇಶಕ್ಕೆ ಇಳಿಯುತ್ತೇವೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಪುಸ್ತಕದ ಕೊನೆಗೆ ದೇವರು ಸಿಟ್ಟಾಗುವುದು ಆಮೇಲೆ ಅವರು ಆಡಿದ ಮಾತುಗಳಿಗೆ. ಹಿರಿಯರು ಇದನ್ನೆಲ್ಲ ಕೇಳಿಸಿಕೊಂಡು, "ಪ್ರಾರ್ಥನೆ ಮಾಡ್ತೀನಿ" ಅಂದು ಫೋನ್ ಇಟ್ಟರು. ಯಾರಿಗೋಸ್ಕರ ಎಂದು ಹೇಳಲಿಲ್ಲ.

ಆಕೆ ಮತ್ತೆ ಬಂದದ್ದು ಆರು ವಾರದ ನಂತರ. ಮಗ ವಾಪಸ್ ಬಂದಿರಲಿಲ್ಲ. ಎಂಬತ್ತೆಂಟನೇ ಕೀರ್ತನೆಯ ಮೇಲೆ ಕೋಪ ಬಂತು ಮೇಡಂ, ಮಾರನೇ ದಿನವೂ ಅದನ್ನೇ ಓದಿದೆ ಅಂದರು. ಗೆಳತಿ ಮೊದಲ ಸಲ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳಂತೆ. ಎರಡನೇ ಸಲ ಕಾಗದಗಳ ಚೀಲ ತಂದು ಮುಂದಿಟ್ಟಳಂತೆ. ಮೂರು ಸಲ ಬ್ಯಾಂಕಿಗೆ ಜೊತೆಯಲ್ಲಿ ಹೋಗಿದ್ದಾರೆ.

ಮೂರನೇ ಸಲ ಅಲ್ಲಿ ಸರದಿಗೆ ಕಾಯುತ್ತಿದ್ದಾಗ ಗೆಳತಿ, "ನಿನ್ನ ಮಗ ಹೇಗಿದ್ದಾನೆ?" ಎಂದು ಕೇಳಿದಳು. ಎರಡು ವರ್ಷದಲ್ಲಿ ಮೊದಲ ಸಲ ಆಕೆ ನಿಜ ಹೇಳಿದರು. ಗೆಳತಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮತ್ತೆ ರಾತ್ರಿ ಹೇಗೆ ಕಳೀತೀಯ?" ಅಂದಳು.

"ಕೀರ್ತನೆ ಓದ್ತೀನಿ ಕಣೇ. ಒಂದೊಂದು ದಿನ ಅದೂ ಆಗಲ್ಲ ಅಂದೆ ಮೇಡಂ. ಯಾವುದು ಓದ್ತೀಯ ಅಂತ ಕೇಳಿದಳು. ಹದಿಮೂರನೇದು ಅಂದೆ. ಓದಿ ಕೇಳಿಸಲಿಲ್ಲ. ನಂಬರ್ ಮಾತ್ರ ಹೇಳಿದೆ. ಅಷ್ಟರಲ್ಲಿ ನಮ್ಮ ಸರದಿ ಬಂತು."