ಸೈನ್ಸ್ ಓದಿ ಬಿಸಿನೆಸ್ ಡಿಗ್ರಿಗೆ ಹೊರಟ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

ತೀರ್ಥಹಳ್ಳಿ ಕಡೆಯ ಹುಡುಗಿ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಪಿಯುಸಿಯಲ್ಲಿ ಪಿಸಿಎಂಬಿ, ಒಳ್ಳೆಯ ಅಂಕ. ಡಾಕ್ಟರ್ ಬೇಡ, ಎಂಜಿನಿಯರ್ ಬೇಡ, ಬಿಸಿನೆಸ್ ಜೊತೆಗೆ ಒಂದು ಭಾಷೆ ಕಲಿಯಬೇಕು ಅಂತ ತಾನೇ ಹುಡುಕಾಡಿ, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಬಿಸಿನೆಸ್ ಮತ್ತು ಜರ್ಮನ್ ಡಿಗ್ರಿಗೆ ಸೀಟು ಪಡೆದಿದ್ದಳು. ಒಟ್ಟು ನಾಲ್ಕು ವರ್ಷ, ಅದರಲ್ಲಿ ಮೂರನೇ ವರ್ಷ ಜರ್ಮನಿಯಲ್ಲಿ. ಚಿಕ್ಕಪ್ಪನ ಮನೆ ಅಲ್ಲೇ ಇದೆ, ಹಾಗಾಗಿ ಮನೆಯವರೂ ಒಪ್ಪಿದ್ದರು.

ಸೀಟು ಸಿಕ್ಕ ಮೇಲೆ ಭಯ ಶುರುವಾಯಿತು. ಬಿಕಾಂ ಓದುತ್ತಿದ್ದ ಅತ್ತೆಯ ಮಗ ಹೇಳಿದ್ದು ಇಷ್ಟೇ: "ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಗೊತ್ತಿಲ್ಲ, ಬಿಸಿನೆಸ್ ಓದೋಕೆ ಹೋಗ್ತೀಯಾ? ಮೊದಲ ಪರೀಕ್ಷೆಲೇ ಮುಳುಗ್ತೀಯ ನೋಡು." ಅವಳು ಫಸ್ಟ್ ಪಿಯು ಅಕೌಂಟೆನ್ಸಿ ಪುಸ್ತಕ ತಂದು ನಡುರಾತ್ರಿವರೆಗೆ ಬಾಯಿಪಾಠ ಮಾಡತೊಡಗಿದಳು. ನಿದ್ದೆ ಹೋಯಿತು, ಊಟ ಸೇರುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಅವಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ, ನನ್ನ ಹತ್ತಿರ ಬಂದರು.

ಕೋರ್ಸಿನಲ್ಲಿ ಮೊದಲ ವರ್ಷ ಏನೇನು ಪಾಠ ಇದೆ ಅಂತ ನೋಡಿದ್ದೀಯಾ ಅಂತ ಕೇಳಿದೆ. ಫೀಸು ನೋಡಿದ್ದಳು, ಹಾಸ್ಟೆಲ್ ಫೋಟೋ ನೋಡಿದ್ದಳು, ಪಾಠಗಳ ಪಟ್ಟಿ ನೋಡಿರಲಿಲ್ಲ. ಹೆದರಿದವರು ಹೀಗೇ, ಯಾವುದರ ಬಗ್ಗೆ ಭಯವೋ ಅದನ್ನೇ ತೆರೆದು ನೋಡುವುದಿಲ್ಲ. ಇಬ್ಬರೂ ಕೂತು ತೆರೆದೆವು. ಅಕೌಂಟಿಂಗ್, ಅರ್ಥಶಾಸ್ತ್ರ, ಮಾರ್ಕೆಟಿಂಗ್, ಸಂಖ್ಯಾಶಾಸ್ತ್ರ, ಇವೆಲ್ಲ ಅಆಇಈಯಿಂದಲೇ ಶುರು. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ಬಿಸಿನೆಸ್ ಡಿಗ್ರಿಗೆ ಸೇರಲು ಮೊದಲೇ ಬಿಸಿನೆಸ್ ಓದಿರಬೇಕು ಅಂತ ಕೇಳುವುದೇ ಇಲ್ಲ. ಅಲ್ಲಿನ ಮಕ್ಕಳೇ ಎಷ್ಟೋ ಜನ ಇತಿಹಾಸ, ಭೂಗೋಳ ಓದಿ ಬಂದಿರುತ್ತಾರೆ. ಸಾಮಾನ್ಯವಾಗಿ ಮೊದಲ ವರ್ಷ ಪಾಸಾದರೆ ಸಾಕು, ಪಾಸಿಗೆ 40 ಅಂಕ, ಆ ಅಂಕ ಕೊನೆಯ ದರ್ಜೆಗೆ ಸೇರುವುದಿಲ್ಲ.

ಇಷ್ಟು ಹೇಳಿದರೂ ಅವಳ ಮುಖ ಸಡಿಲವಾಗಲಿಲ್ಲ. ಅಪ್ಪನ ಜೇಬಿನಲ್ಲಿ ಅಡಿಕೆ ಮಂಡಿಯವರು ಕೊಟ್ಟ ಲೆಕ್ಕದ ಚೀಟಿ ಇತ್ತು, ಅದನ್ನು ಕೇಳಿ ತೆಗೆದುಕೊಂಡೆ. ಅಡಿಕೆಯ ಬಗೆಗಳಲ್ಲಿ ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು, ಕ್ವಿಂಟಾಲಿಗೆ ದರ, ಚೀಲದ ತೂಕ ಕಳೆದದ್ದು, ಹಮಾಲಿ, ಮಳೆಗಾಲದಲ್ಲಿ ತಂದ ಮುಂಗಡ, ಅದರ ಬಡ್ಡಿ, ಕೊನೆಗೆ ಕೈಗೆ ಬಂದದ್ದು. "ಈ ಮುಂಗಡ ಅಪ್ಪನ ಪುಸ್ತಕದಲ್ಲಿ ಏನು?" ಅಂದೆ. "ಸಾಲ." "ಮಂಡಿಯವರ ಪುಸ್ತಕದಲ್ಲಿ?" ಸ್ವಲ್ಪ ಯೋಚಿಸಿ, "ಅವರಿಗೆ ಬರಬೇಕಾದ ದುಡ್ಡು" ಅಂದಳು. ಒಂದು ಹಾಳೆ ಕೊಟ್ಟು ಎರಡೂ ಕಡೆಯಿಂದ ಬರೆಯಲು ಹೇಳಿದೆ. ಬರೆದಳು, ಸರಿಯಾಗಿಯೇ ಬರೆದಳು. ಅಡಿಕೆ ಸುಲಿಯುವ ಮೆಷಿನ್‌ಗೆ ಕೊಟ್ಟ ದುಡ್ಡನ್ನೆಲ್ಲ ಒಂದೇ ವರ್ಷದ ಖರ್ಚಿಗೆ ಹಾಕಿದರೆ ಆ ವರ್ಷ ಲಾಸ್ ಆದ ಹಾಗೆ ಕಾಣುತ್ತದಲ್ಲ, ಏನು ಮಾಡಬೇಕು ಅಂದೆ. "ಎಷ್ಟು ವರ್ಷ ಬಾಳಿಕೆ ಬರುತ್ತೋ ಅಷ್ಟು ವರ್ಷಕ್ಕೆ ಹಂಚಬೇಕು." ಪುಸ್ತಕದಲ್ಲಿ ಇದಕ್ಕೇ ಸವಕಳಿ ಅನ್ನುತ್ತಾರೆ. ಆಮೇಲೆ ಚೇಣಿ ಮಾತು ಬಂತು. ಕೊಯ್ಲಿಗೆ ಮೊದಲೇ ಫಸಲನ್ನು ಇಂತಿಷ್ಟು ಅಂತ ಚೇಣಿಗೆ ಕೊಟ್ಟುಬಿಟ್ಟರೆ, ಆಮೇಲೆ ಕೊಳೆರೋಗ ಬಂದರೆ ನಷ್ಟ ಯಾರಿಗೆ, ದರ ಏರಿದರೆ ಲಾಭ ಯಾರಿಗೆ? ಇದಕ್ಕೆ ಅವಳ ಅಮ್ಮನೇ ಉತ್ತರ ಕೊಟ್ಟರು, ಅದೂ ಎರಡು ವರ್ಷದ ಹಿಂದಿನ ಉದಾಹರಣೆ ಸಮೇತ. ರಿಸ್ಕ್ ಯಾರ ತಲೆ ಮೇಲೆ ಅನ್ನುವುದನ್ನು ಅಡಿಕೆ ಬೆಳೆಯುವ ಮನೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಪಿಸಿಎಂಬಿ ಓದಿದ್ದೂ ದಂಡ ಅಲ್ಲ. ಪಿಯು ಗಣಿತದಲ್ಲಿ ಮಾಡಿದ ಸ್ಟ್ಯಾಂಡರ್ಡ್ ಡೀವಿಯೇಶನ್, ಪ್ರಾಬಬಿಲಿಟಿ, ಲೀನಿಯರ್ ಪ್ರೋಗ್ರಾಮಿಂಗ್ ಎಲ್ಲ ಬಿಸಿನೆಸ್ ಓದಿನಲ್ಲಿ ಮತ್ತೆ ಬರುತ್ತವೆ, ಬಹಳ ಜನ ಎಡವುವುದೂ ಅಲ್ಲೇ.

ಹಾಗಾದರೆ ಕೊರತೆಯೇ ಇಲ್ಲವಾ ಅಂದರೆ, ಇದೆ. ಸೈನ್ಸ್ ಮಕ್ಕಳಿಗೆ ಉದ್ದಕ್ಕೆ ಬರೆದು ಅಭ್ಯಾಸ ಇಲ್ಲ. ಅಲ್ಲಿ ಸಾವಿರ, ಎರಡು ಸಾವಿರ ಪದಗಳ ವರದಿ ಬರೆಸುತ್ತಾರೆ, ಯಾರ ಮಾತನ್ನು ಎಲ್ಲಿಂದ ತೆಗೆದುಕೊಂಡೆ ಅಂತ ಹೇಳದಿದ್ದರೆ ನಕಲು ಅಂತಲೇ ಲೆಕ್ಕ. ವಾರಕ್ಕೊಂದು ಸಣ್ಣ ವಿಷಯ ಹಿಡಿದು ಇಂಗ್ಲಿಷಿನಲ್ಲಿ ಎರಡು ಪುಟ ಬರೆ ಅಂದೆ, ಅಡಿಕೆ ದರ ಯಾಕೆ ಏರಿಳಿಯುತ್ತದೆ ಅನ್ನುವುದರಿಂದಲೇ ಶುರು ಮಾಡು.

ನಿಜವಾಗಿ ಚಿಂತೆ ಮಾಡಬೇಕಾದದ್ದು ಜರ್ಮನ್ ಬಗ್ಗೆ. ಈ ಜೋಡಿ ಡಿಗ್ರಿಗೆ ಹೊರಟವರು ಬಹಳಷ್ಟು ಜನ ಬಿಸಿನೆಸ್‌ಗೆ ಹೆದರುತ್ತಾರೆ, ಭಾಷೆಯನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಅಕೌಂಟ್ಸ್‌ನಲ್ಲಿ ಹಿಂದೆ ಬಿದ್ದರೆ ರಜೆಯಲ್ಲಿ ಕೂತು ಸರಿ ಮಾಡಿಕೊಳ್ಳಬಹುದು. ಭಾಷೆ ಹಾಗಲ್ಲ, ಅದಕ್ಕೆ ದಿನಾ ಸಮಯ ಬೇಕು. ಸೊನ್ನೆಯಿಂದ ಶುರು ಮಾಡುವವರಿಗೆ ಬೇರೆ ತರಗತಿ ಇರುತ್ತದೆ, ಆದರೆ ಅದು ಓಡುತ್ತದೆ, ಯಾಕಂದರೆ ಎರಡೇ ವರ್ಷದಲ್ಲಿ ಇವರನ್ನು ಜರ್ಮನಿಯ ತರಗತಿಯಲ್ಲೋ ಆಫೀಸಿನಲ್ಲೋ ಕೂರುವ ಹಾಗೆ ತಯಾರು ಮಾಡಬೇಕಲ್ಲ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ ಲಿಂಗ! ಪ್ರತಿ ಪದಕ್ಕೂ ದೇರ್, ದೀ, ದಾಸ್ ಯಾವುದು ಅಂತ ಸೇರಿಸಿಯೇ ಕಲಿಯಬೇಕು. ಇದನ್ನು ಹಿಂದಿನ ರಾತ್ರಿ ಕೂತು ಬಾಯಿಪಾಠ ಮಾಡಲಾಗುವುದಿಲ್ಲ. ನಮಗೆ ಒಂದು ಅನುಕೂಲವೂ ಇದೆ: ಅಲ್ಲೂ ವಿಭಕ್ತಿ ಇದೆ, ಉಪವಾಕ್ಯದಲ್ಲಿ ಕ್ರಿಯಾಪದ ನಮ್ಮ ಹಾಗೆ ಕೊನೆಗೇ ಹೋಗುತ್ತದೆ. ಕನ್ನಡದವರಿಗೆ ಅದು ಅಷ್ಟು ವಿಚಿತ್ರ ಅನ್ನಿಸುವುದಿಲ್ಲ.

ಅಕೌಂಟೆನ್ಸಿ ಪುಸ್ತಕವನ್ನು ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಮುಟ್ಟಬೇಡ ಅಂದೆ, ರಾತ್ರಿಯಂತೂ ಬೇಡವೇ ಬೇಡ. ಬೆಳಿಗ್ಗೆ ಒಂದು ಗಂಟೆ ಜರ್ಮನ್. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದವರ ಆನ್‌ಲೈನ್ ಕೋರ್ಸ್ ಇದೆ, ಹೊರಡುವ ಮೊದಲು ಎ1, ಅಂದರೆ ಭಾಷೆಯ ಮೊದಲ ಹಂತ, ಮುಗಿದರೆ ಒಳ್ಳೆಯದು. ವಿಶ್ವವಿದ್ಯಾಲಯಕ್ಕೆ ಒಂದು ಮೇಲ್ ಬರೆಸಿದೆ. ಓದಿನಲ್ಲಿ ಜರ್ಮನ್ ಪಾಲು ಅರ್ಧವೋ ಮೂರನೇ ಒಂದೋ, ಎ1 ಮುಗಿಸಿ ಬಂದರೆ ಯಾವ ತರಗತಿ, ಮೂರನೇ ವರ್ಷದ ಫೀಸು ಎಷ್ಟು, ಆ ವರ್ಷ ಜರ್ಮನಿಯಲ್ಲಿ ಜಾಗ ಅವರೇ ಹುಡುಕಿಕೊಡುತ್ತಾರಾ, ಭಾಷೆ ಕೈಕೊಟ್ಟರೆ ಬರೀ ಬಿಸಿನೆಸ್‌ಗೆ ಬದಲಾಯಿಸಿಕೊಳ್ಳಬಹುದಾ.

ಅಪ್ಪ ಅಷ್ಟೂ ಹೊತ್ತು ಸುಮ್ನೆ ಕೂತಿದ್ದರು. "ಓದೋದೇನೋ ಓದ್ತಾಳೆ ಮೇಡಂ. ದುಡ್ಡಿನ ಕಥೆ?" ಅಂದರು. ಅವರು ತೋಟದ ಮೇಲೆ ಶಿಕ್ಷಣ ಸಾಲ ಸಿಗುತ್ತದೆ ಅಂದುಕೊಂಡಿದ್ದರು. ಕೃಷಿ ಜಮೀನನ್ನು ಇದಕ್ಕೆ ಅಡಮಾನ ಇಟ್ಟುಕೊಳ್ಳಲು ಬಹಳ ಬ್ಯಾಂಕುಗಳು ಹಿಂದೇಟು ಹಾಕುತ್ತವೆ, ಹಾಗಾಗಿ ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಬರುವವರೆಗೆ ವಿಶ್ವವಿದ್ಯಾಲಯಕ್ಕೆ ಮುಂಗಡ ಫೀಸು ಕಟ್ಟಬೇಡಿ ಅಂದೆ. ಜರ್ಮನಿಗೆ ಬೇರೆಯೇ ವೀಸಾ ಬೇಕು, ಅಲ್ಲಿನ ಖರ್ಚಿಗೆ ದುಡ್ಡು ಇದೆ ಅಂತ ಮತ್ತೆ ತೋರಿಸಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂದೆ. ಸಾಲ ಆಗದಿದ್ದರೆ ಕುವೆಂಪು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿಬಿಎ ಇದೆ, ಪಿಯುಸಿಯಲ್ಲಿ ಕಾಮರ್ಸ್ ಓದಿರಲೇಬೇಕು ಅಂತಿಲ್ಲ, ಜೊತೆಗೆ ಜರ್ಮನ್ ಮುಂದುವರಿಸಬಹುದು. ಈ ದಾರಿಯನ್ನೂ ಅವಳ ಎದುರಿಗೇ ಹೇಳಿದೆ. ಇಂಥ ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು.

ಮುಂದಿನ ಸಲ ಬಂದಾಗ ನಿದ್ದೆ ಸರಿಹೋಗಿತ್ತು. ವಿಶ್ವವಿದ್ಯಾಲಯದಿಂದ ಉತ್ತರ ಬಂದಿತ್ತು: ಬಿಸಿನೆಸ್ ಮೊದಲೇ ಓದಿರಬೇಕಾಗಿಲ್ಲ, ಎ1 ಮುಗಿಸಿದ್ದರೂ ಹೊಸಬರ ತರಗತಿಯೇ, ಮೊದಲ ವರ್ಷದ ಕೊನೆಯವರೆಗೆ ಬರೀ ಬಿಸಿನೆಸ್‌ಗೆ ಬದಲಾಗಬಹುದು. ಜರ್ಮನ್ ತರಗತಿ ಶುರುವಾಗಿದೆ. ಬ್ಯಾಂಕಿನವರು ಪೇಟೆಯ ಮನೆಯ ಪತ್ರ ಕೇಳಿದ್ದಾರೆ, ಅದು ಅಪ್ಪ ಮತ್ತು ದೊಡ್ಡಪ್ಪನ ಜಂಟಿ ಹೆಸರಿನಲ್ಲಿದೆ, ಅಣ್ಣ ತಮ್ಮ ಕೂತು ಮಾತಾಡಬೇಕಿದೆ.