ನೆರಳು ಒಂದೇ, ಇಂಗ್ಲಿಷಿನಲ್ಲಿ ಎರಡು

ಸುಂಟಿಕೊಪ್ಪದ ಹತ್ತಿರ ಹೋಂಸ್ಟೇ ನಡೆಸುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ಗೇಟಿನ ಬೋರ್ಡಿನಲ್ಲಿ "ಶ್ಯಾಡೋ ಗ್ರೋನ್ ಕಾಫಿ" ಎಂದು ಬರೆಸಿದ್ದೆ. ಬಂದ ಅತಿಥಿಗಳು ಅದರ ಫೋಟೋ ತೆಗೆದು ನಕ್ಕರು. ಶೇಡ್, ಶ್ಯಾಡೋ ಎರಡೂ ನೆರಳೇ ಅಲ್ವಾ? ಹಾಗೇ ಫಾಗ್‌ಗೂ ಮಿಸ್ಟ್‌ಗೂ ಏನು ವ್ಯತ್ಯಾಸ, ತಿಳಿಸಿ.’

ಎರಡೂ ನೆರಳೇ. ಇಂಗ್ಲಿಷಿನಲ್ಲೂ ಇವು ಒಂದೇ ಹಳೆಯ ಪದದಿಂದ ಕವಲೊಡೆದವು. ಆಮೇಲೆ ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಂಡವು. ಬಿಸಿಲು ತಾಗದ ಜಾಗ ಶೇಡ್. ಬೆಳಕಿಗೆ ಅಡ್ಡ ನಿಂತದ್ದರ ಆಕಾರ ನೆಲದ ಮೇಲೋ ಗೋಡೆಯ ಮೇಲೋ ಬಿದ್ದರೆ ಅದು ಶ್ಯಾಡೋ.

ನಿಮ್ಮ ತೋಟದಲ್ಲೇ ನೋಡಿ. ಕಣದಲ್ಲಿ ಕಾಫಿ ಹರವುವಾಗ ನಿಮ್ಮ ಶ್ಯಾಡೋ ಕಾಲಿಗೇ ಅಂಟಿಕೊಂಡು ಓಡಾಡುತ್ತದೆ. ಬಿಸಿಲು ತಡೆಯಲಾರದೆ ಹಲಸಿನ ಮರದಡಿ ಬಂದು ಕೂರುತ್ತೀರಿ. ಅದು ಶೇಡ್. ದಟ್ಟ ಮರವಾದರೆ ಅಲ್ಲಿ ನಿಮ್ಮ ಶ್ಯಾಡೋ ಹುಡುಕಿದರೂ ಸಿಗದು! ಮರದ ಕೊಂಬೆ ಕಡಿಸಿ ಮರಗಸಿ ಮಾಡಿಸುವಾಗ ನೀವು ಹದಕ್ಕೆ ತರುವುದು ಶೇಡನ್ನೇ. ಹಾಗಾಗಿ ಬೋರ್ಡಿನಲ್ಲಿ ‘ಶೇಡ್ ಗ್ರೋನ್’ ಇರಲಿ. ನಮ್ಮ ದೇಶದ ಕಾಫಿ ಬಹುಪಾಲು ಮರದಡಿಯಲ್ಲೇ ಬೆಳೆಯುವುದು, ಬೋರ್ಡಿನ ಮಾತೇನೂ ಸುಳ್ಳಲ್ಲ. ಒಂದು ಸಣ್ಣ ಡಬ್ಬಿ ಪೇಂಟ್ ಸಾಕು.

ನಕ್ಕಿದ್ದಕ್ಕೆ ಬೇಜಾರು ಬೇಡ. ಕಾಫಿಯಲ್ಲಿ ಚೆರಿಗೂ ಪಾರ್ಚ್‌ಮೆಂಟಿಗೂ ಏನು ವ್ಯತ್ಯಾಸ ಅಂತ ಅವರನ್ನು ಕೇಳಿ ನೋಡಿ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು ಯಾವುದು, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು ಯಾವುದು? ಅವೂ ಇಂಗ್ಲಿಷ್ ಪದಗಳೇ.

ಇನ್ನು ಫಾಗ್, ಮಿಸ್ಟ್. ಎರಡೂ ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳು. ಹವಾಮಾನ ಇಲಾಖೆಯವರ ಲೆಕ್ಕದಲ್ಲಿ 1 ಕಿಲೋಮೀಟರ್ ದೂರವೂ ಕಾಣದಿದ್ದರೆ ಫಾಗ್, ಅದಕ್ಕಿಂತ ಜಾಸ್ತಿ ಕಂಡರೆ ಮಿಸ್ಟ್. ರಾಜಾಸೀಟಿನಲ್ಲಿ ನಿಂತಾಗ ದೂರದ ಬೆಟ್ಟಸಾಲು ಮಸುಕಾಗಿಯಾದರೂ ಕಂಡಿತೇ, ಮಿಸ್ಟ್. ಸಂಪಾಜೆ ಘಾಟಿಯಲ್ಲಿ ಹಗಲಲ್ಲೇ ಲೈಟ್ ಹಾಕಿಕೊಂಡು ಮುಂದಿನ ಬಸ್ಸಿನ ಬೆನ್ನು ಹುಡುಕುತ್ತೀರಲ್ಲ, ಅದು ಫಾಗ್. ಸುಮ್ನೆ ಮಾತಾಡುವಾಗ ಯಾರೂ ಟೇಪು ಹಿಡಿದು ಅಳೆಯುವುದಿಲ್ಲ ಬಿಡಿ.

ಆದರೆ ‘ಮಂಜಿನ ನಗರಿ’ಯನ್ನು ಇಂಗ್ಲಿಷಿಗೆ ತರುವಾಗ ಸ್ನೋ ಅಂತ ಮಾತ್ರ ಬರೆಸಬೇಡಿ. ಹಿಮಕ್ಕೂ ನಾವು ಮಂಜು ಅನ್ನುತ್ತೇವೆ, ನಿಜ. ಅದನ್ನೇ ನಂಬಿ ಯಾರಾದರೂ ಮಕ್ಕಳಿಗೆ ಹಿಮದ ಗೊಂಬೆ ಮಾಡಿಕೊಡುತ್ತೇನೆಂದು ಕರೆತಂದರೆ, ಆ ಮಕ್ಕಳನ್ನು ಸಮಾಧಾನ ಮಾಡಬೇಕಾದವರು ನೀವೇ.

– ಸಂಪಾದಕ